ಹಳೆಯ ಜೀಪಿನ ರಿಪೇರಿಯೂ ಹಳ್ಳದ ನೀರೂ

ಮೃಗಶಿರಾ ಮಳೆ ಹಿಡಿಯುವ ಮುನ್ನ ಮಲೆನಾಡಿನ ಮನೆಗಳಲ್ಲಿ ನಡೆಯುವ ಸಿದ್ಧತೆಗಳ ಪಟ್ಟಿ ದೊಡ್ಡದು. ಸೌದೆ ಒಟ್ಟಬೇಕು, ಮಾಡಿನ ಹಂಚು ಸರಿಪಡಿಸಬೇಕು, ಅಡಕೆ ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯಬೇಕು. ಈ ಪಟ್ಟಿಯಲ್ಲಿ ಸದ್ದಿಲ್ಲದೆ ಸೇರಿಕೊಂಡು ದಶಕಗಳೇ ಕಳೆದಿರುವ ಇನ್ನೊಂದು ಕೆಲಸವಿದೆ. ಕೊಟ್ಟಿಗೆಯ ಪಕ್ಕದಲ್ಲಿ ನಿಂತ ಹಳೆಯ ಜೀಪನ್ನೋ, ಹಿಂಭಾಗವನ್ನು ಕತ್ತರಿಸಿ ಸಾಮಾನು ಹೊರಲು ಅಣಿಗೊಳಿಸಿದ ಪಿಕಪ್ಪನ್ನೋ ಮಳೆಗಾಲಕ್ಕೆ ಸಜ್ಜುಗೊಳಿಸುವುದೇ ಆ ಕೆಲಸ.

ಡೀಸೆಲ್ ಹೊಗೆ ಉಗುಳುವ ವಾಹನದ ಬಗ್ಗೆ ಪರಿಸರ ಪತ್ರಿಕೆಯೊಂದು ಸಂಪಾದಕೀಯ ಬರೆಯಬೇಕೆ ಎಂದು ಹುಬ್ಬೇರಿಸುವವರು ಇರಬಹುದು. ಆದರೆ ಡಾಂಬರು ರಸ್ತೆಯಿಂದ ಮೂರು ನಾಲ್ಕು ಕಿಲೋಮೀಟರ್ ಒಳಗಿರುವ ಒಂಟಿ ಮನೆಯವರಿಗೆ ಈ ವಾಹನವೇ ಆಂಬುಲೆನ್ಸು, ಇದೇ ಪಡಿತರದ ಗಾಡಿ, ಇದೇ ಶಾಲೆಯ ವ್ಯಾನು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿಯೂ 2019ರ ಆಗಸ್ಟ್‌ನಲ್ಲಿ ಮೂಡಿಗೆರೆ, ಚಾರ್ಮಾಡಿ ಭಾಗದಲ್ಲಿಯೂ ಧರೆ ಕುಸಿದು ರಸ್ತೆಗಳು ಕಡಿದುಹೋದಾಗ, ನಾಲ್ಕೂ ಚಕ್ರಗಳಿಗೆ ಎಳೆತವಿರುವ ವಾಹನದ ಬೆಲೆ ಏನೆಂಬುದು ಪಟ್ಟಣದವರಿಗೂ ಅರ್ಥವಾಯಿತು. ಬೇಡವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದಾದ ವಸ್ತು ಇದಲ್ಲ.

ಎರಡನೆಯ ಮಹಾಯುದ್ಧದ ರಣಭೂಮಿಗಾಗಿ ಹುಟ್ಟಿದ ವಿಲ್ಲೀಸ್ ಜೀಪು 1945ರಲ್ಲಿ ಅಮೆರಿಕದ ರೈತನ ಹೊಲಕ್ಕೆ ಇಳಿಯಿತು. ಆ ದಶಕದ ಕೊನೆಯ ಹೊತ್ತಿಗೆ ಮಹೀಂದ್ರಾ ಕಂಪನಿ ಅದನ್ನು ಭಾರತದಲ್ಲಿ ಜೋಡಿಸತೊಡಗಿತು. ಮುಂದಿನ ಹಲವು ದಶಕಗಳ ಕಾಲ ಎಂಜಿನ್ ಬದಲಾದರೂ, ಪೆಟ್ರೋಲು ಹೋಗಿ ಡೀಸೆಲ್ ಬಂದರೂ, ಚಾಸಿಯ ಮೂಲ ರಚನೆ ಹೆಚ್ಚು ಬದಲಾಗಲಿಲ್ಲ. ಎರಡು ಉದ್ದದ ಕಬ್ಬಿಣದ ತೊಲೆಗಳು, ಅವುಗಳ ಕೆಳಗೆ ಪಟ್ಟಿಗಳನ್ನು ಪೇರಿಸಿದ ಸ್ಪ್ರಿಂಗು, ಹಿಂದೊಂದು ಮುಂದೊಂದು ಹೌಸಿಂಗು. ಒಂದು ಗಾಡಿಯಿಂದ ಬಿಚ್ಚಿದ್ದು ಇನ್ನೊಂದಕ್ಕೆ ಕೂರುತ್ತದೆ. ಸ್ಪ್ಯಾನರ್ ಗಂಟು, ಜಾಕು, ಗ್ರೀಸ್ ಗನ್ನು ಇದ್ದರೆ ಅರ್ಧ ಕೆಲಸ ಅಂಗಳದಲ್ಲೇ ಮುಗಿಯುತ್ತದೆ. ಕೊಡಚಾದ್ರಿಯ ಕಲ್ಲುದಾರಿಯಲ್ಲಿ ದಶಕಗಳಿಂದ ಯಾತ್ರಿಕರನ್ನು ಹೊತ್ತ ಜೀಪುಗಳು ಉಳಿದು ಬಂದಿರುವುದು ಕಂಪನಿಯ ಸರ್ವಿಸ್ ಸೆಂಟರುಗಳಿಂದಲ್ಲ, ಊರಿನ ಕೈಗಳ ಇಂಥ ತಿಳಿವಳಿಕೆಯಿಂದ. ಲ್ಯಾಪ್‌ಟಾಪ್ ಜೋಡಿಸದೆ ರೋಗವೇನೆಂದು ಹೇಳದ ಇಂದಿನ ವಾಹನಗಳ ಮುಂದೆ ಈ ಸರಳತೆ ಕಡೆಗಣಿಸುವಂಥದ್ದಲ್ಲ.

ಹಳೆಯ ವಾಹನವನ್ನು ಗುಜರಿಗೆ ಹಾಕಬೇಕೆಂಬ ಒತ್ತಡ ಈಚಿನ ವರ್ಷಗಳಲ್ಲಿ ಹೆಚ್ಚಿದೆ. 2021ರ ಆಗಸ್ಟ್‌ನಲ್ಲಿ ಕೇಂದ್ರದ ಗುಜರಿ ನೀತಿ ಬಂದಿತು. 2022ರ ಏಪ್ರಿಲ್‌ನಿಂದ 15 ವರ್ಷ ಮೀರಿದ ಕಾರು, ಜೀಪುಗಳ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದವುಗಳ ಶುಲ್ಕವನ್ನು 2025ರಲ್ಲಿ ಮತ್ತೆ ಏರಿಸಲಾಯಿತು. ಪರಿಸರದ ಹೆಸರಿನಲ್ಲಿ ನಡೆದಿರುವ ಈ ಏರಿಕೆಯನ್ನು ಪರಿಸರದ ಲೆಕ್ಕದಲ್ಲಿಯೇ ಅಳೆದು ನೋಡುವುದು ಒಳ್ಳೆಯದು.

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಲೀಟರಿಗೆ 10 ಕಿಲೋಮೀಟರ್ ಓಡುವ ಹಳೆಯ ಪಿಕಪ್ಪೊಂದು ವರ್ಷಕ್ಕೆ 3,000 ಕಿಲೋಮೀಟರ್ ಓಡುತ್ತದೆಂದು ಇಟ್ಟುಕೊಳ್ಳೋಣ. ಅದಕ್ಕೆ ಬೇಕಾದ ಡೀಸೆಲ್ 300 ಲೀಟರ್. ಲೀಟರಿಗೆ 14 ಕಿಲೋಮೀಟರ್ ಕೊಡುವ ಹೊಸ ವಾಹನಕ್ಕೆ ಸಾಕಾಗುವುದು ಸುಮಾರು 214 ಲೀಟರ್. ಉಳಿತಾಯವಾಗುವ 86 ಲೀಟರಿನಿಂದ ವರ್ಷಕ್ಕೆ 230 ಕಿಲೋದಷ್ಟು ಇಂಗಾಲ ತಪ್ಪುತ್ತದೆ. ಇತ್ತ ಹೊಸ ವಾಹನದ ಉಕ್ಕು, ಅಲ್ಯೂಮಿನಿಯಂ, ರಬ್ಬರು, ಗಾಜುಗಳನ್ನು ಅದಿರಿನಿಂದ ಆರಂಭಿಸಿ ತಯಾರಿಸುವಾಗಲೇ ಹಲವು ಟನ್ ಇಂಗಾಲ ಗಾಳಿಗೆ ಸೇರಿರುತ್ತದೆ. ಅದನ್ನು ಐದೇ ಟನ್ ಎಂದು ಹಿಡಿದರೂ ಸಾಲ ತೀರಲು ಇಪ್ಪತ್ತು ವರ್ಷ ಮೀರುತ್ತದೆ. ಆ ಅದಿರು ಎಲ್ಲಿಂದ ಬರುತ್ತದೆ ಎಂಬುದನ್ನು ಕುದುರೆಮುಖದ ಗಣಿಯನ್ನೂ ಲಕ್ಯಾ ಅಣೆಕಟ್ಟಿನ ಹೂಳನ್ನೂ ಕಂಡ ಜನರಿಗೆ ವಿವರಿಸಬೇಕಾಗಿಲ್ಲ.

ಆದರೆ ಇದೇ ಲೆಕ್ಕವನ್ನು ವರ್ಷಕ್ಕೆ 30,000 ಕಿಲೋಮೀಟರ್ ಓಡುವ ಬಾಡಿಗೆ ವಾಹನಕ್ಕೆ ಹಾಕಿದರೆ ಸಾಲ ಎರಡು ವರ್ಷ ಚಿಲ್ಲರೆಯಲ್ಲಿ ತೀರಿಬಿಡುತ್ತದೆ. ಮಸಿಯ ಪ್ರಶ್ನೆ ಬೇರೆಯೇ ಇದೆ. 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಬಿ.ಎಸ್. 6 ಮಾನದಂಡದ ಎಂಜಿನ್ನಿಗೆ ಹೋಲಿಸಿದರೆ ಹಳೆಯ ಡೀಸೆಲ್ ಎಂಜಿನ್ ಉಗುಳುವ ಸೂಕ್ಷ್ಮ ಮಸಿ ಬಹುಪಾಲು ಹೆಚ್ಚು. ದಿನವಿಡೀ ಪ್ರವಾಸಿಗರನ್ನು ಹೊರುವ ಜೀಪಿಗೂ ವಾರಕ್ಕೆರಡು ಸಲ ಅಡಕೆ ಮೂಟೆ ಸಾಗಿಸುವ ಜೀಪಿಗೂ ಒಂದೇ ನ್ಯಾಯ ಹೇಳುವುದು ಸರಿಯಲ್ಲ. ಗುಜರಿ ನೀತಿಯ ದೋಷವೂ ಇದೇ. ಅದು ವಾಹನದ ವಯಸ್ಸನ್ನು ಕೇಳುತ್ತದೆ, ಓಟವನ್ನು ಕೇಳುವುದಿಲ್ಲ.

ಉಳಿಸಿಕೊಳ್ಳುವುದಾದರೆ ಸರಿಯಾಗಿ ಉಳಿಸಿಕೊಳ್ಳಬೇಕು. ಹೊಗೆಯ ಬಣ್ಣವೇ ಬಹಳಷ್ಟನ್ನು ಹೇಳುತ್ತದೆ. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ನಾಝಲ್ ಸರಿಯಾಗಿ ಸಿಂಪಡಿಸುತ್ತಿಲ್ಲ. ನೀಲಿ ಹೊಗೆ ಬಂದರೆ ಎಂಜಿನ್ ತನ್ನ ಆಯಿಲನ್ನೇ ಸುಡುತ್ತಿದೆ. ಫಿಲ್ಟರ್ ಶುಚಿಗೊಳಿಸುವುದು, ಡೀಸೆಲ್ ಫಿಲ್ಟರಿನ ಬುಡದಲ್ಲಿ ನಿಂತ ನೀರನ್ನು ಇಳಿಸುವುದು, ಏರ್ ಲಾಕ್ ಆದಾಗ ಕೈಪಂಪು ಒತ್ತಿ ಗಾಳಿ ಹೊರಹಾಕುವುದು ಮನೆಯ ಕೆಲಸಗಳು. ನಾಝಲ್ ಮತ್ತು ಪಂಪಿನ ಹೊಂದಾಣಿಕೆ ಮಾತ್ರ ಅಳತೆಯ ಯಂತ್ರವಿರುವ ಅಂಗಡಿಯದು. ಹಳ್ಳ ದಾಟಿ ಬಂದ ಮೇಲೆ ಹೌಸಿಂಗಿನ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಒಳಹೊಕ್ಕಿದೆ ಎಂದರ್ಥ. ಅದನ್ನು ಹಾಗೆಯೇ ಓಡಿಸಿದರೆ ಬೇರಿಂಗು, ಕ್ರೌನು ಎರಡೂ ಹಾಳಾಗುತ್ತವೆ. ಹೌಸಿಂಗಿನ ಮೇಲಿನ ಉಸಿರುಕೊಳವೆಗೆ ರಬ್ಬರ್ ಪೈಪು ಸಿಕ್ಕಿಸಿ ಎಂಜಿನ್ನಿನ ಮಟ್ಟಕ್ಕೆ ಏರಿಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ನೂರಿನ್ನೂರು ರೂಪಾಯಿಯ ಈ ಸುಧಾರಣೆ ಸಾವಿರಾರು ರೂಪಾಯಿಯ ಅಲಂಕಾರಗಳಿಗಿಂತ ಮೇಲು.

ಬ್ರೇಕಿನ ವಿಷಯದಲ್ಲಿ ಹಳ್ಳಿಗರ ಧೈರ್ಯ ಅತಿಯಾಯಿತೆಂದೇ ಹೇಳಬೇಕು. ತೀರಾ ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಬ್ರೇಕ್ ಸಾಲು. ಎಲ್ಲಿಯಾದರೂ ಒಂದು ಕೊಳವೆ ಒಡೆದರೆ ನಾಲ್ಕೂ ಹೋದಂತೆ. ಮುಂದಿನ ಚಕ್ರಗಳಿಗೆ ಒಂದು, ಹಿಂದಿನವಕ್ಕೆ ಇನ್ನೊಂದು ಎಂದು ಎರಡು ಕೋಣೆಗಳಿರುವ ಮಾಸ್ಟರ್ ಸಿಲಿಂಡರನ್ನು ಅನುಭವಿ ಮೆಕ್ಯಾನಿಕ್‌ನಿಂದ ಹಾಕಿಸುವುದು ಘಟ್ಟದ ವಾಹನಕ್ಕೆ ಮಾಡಬಹುದಾದ ಮೊದಲ ಸುಧಾರಣೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರಬಲ್ಲದು; ತೇವ ಸೇರಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಆಗುಂಬೆಯ ತಿರುವುಗಳಲ್ಲಿ ಭಾರ ಹೇರಿಕೊಂಡು ಇಳಿಯುವಾಗ ಪೆಡಲು ಇದ್ದಕ್ಕಿದ್ದಂತೆ ಮೆತ್ತಗಾಗುವುದು ಹೀಗೆ. ಆಯಿಲ್ ಬದಲಿಸದೆ ಮೇಲೆ ಮೇಲೆ ಸುರಿಯುವುದು, ಅದು ಸಿಗದಿದ್ದರೆ ಎಂಜಿನ್ ಆಯಿಲನ್ನೇ ಹಾಕುವುದು ಪ್ರಾಣಕ್ಕೆ ಸಂಚಕಾರ. ಎಂಜಿನ್ ಆಯಿಲ್ ತಾಗಿದರೆ ಒಳಗಿನ ರಬ್ಬರುಗಳು ಊದಿಕೊಂಡು ಕೆಡುತ್ತವೆ. ಇನ್ನು ಹಳೆಯ ಲೈನರುಗಳಲ್ಲಿ ಕಲ್ನಾರು ಇರುವುದುಂಟು. ಡ್ರಮ್ ಬಿಚ್ಚಿ ಬಾಯಿಂದಲೋ ಗಾಳಿಪಂಪಿನಿಂದಲೋ ಪುಡಿ ಊದುವ ಹುಡುಗನ ಶ್ವಾಸಕೋಶದಲ್ಲಿ ಅದು ಜೀವನಪರ್ಯಂತ ಉಳಿಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಜಾಕೊಂದನ್ನೇ ನಂಬಿ ಗಾಡಿಯ ಕೆಳಗೆ ಮಲಗುವ ಅಭ್ಯಾಸವೂ ನಿಲ್ಲಬೇಕು. ಗಟ್ಟಿ ಮರದ ದಿಮ್ಮಿ ಚಾಸಿಯ ಅಡಿಗಿರಲಿ.

ಇಷ್ಟೆಲ್ಲ ಸರಿಯಾಗಿ ಮಾಡುವವರೂ ಎಡವುವುದು ಹಳ್ಳದ ದಂಡೆಯಲ್ಲಿ. ಗಾಡಿ ತೊಳೆಯಲು ನೀರು ಬೇಕು, ಆದ್ದರಿಂದ ಹಳ್ಳಕ್ಕೆ ಇಳಿಸುತ್ತಾರೆ. ಅಲ್ಲಿಯೇ ಆಯಿಲ್ ಬದಲಾಗುತ್ತದೆ. ಎಂಜಿನ್ನಿನಿಂದ ಇಳಿದ ಐದಾರು ಲೀಟರ್ ಕರಿ ಆಯಿಲ್ ಕಲ್ಲಿನ ಸಂದಿಗೆ ಹೋಗುತ್ತದೆ, ಮೊದಲ ಮಳೆಗೆ ಕೆಳಗಿನವರ ಗದ್ದೆಗೆ ಇಳಿಯುತ್ತದೆ. ನೀರಿನ ಮೇಲೆ ಹರಡಿದ ತೆಳು ಪೊರೆ ಗಾಳಿಯ ಆಮ್ಲಜನಕ ನೀರಿಗೆ ಬೆರೆಯದಂತೆ ತಡೆಯುತ್ತದೆ. ಮೀನಿನ ಮರಿ, ಗೊದಮೊಟ್ಟೆಗಳು ಮೊದಲು ಸಾಯುತ್ತವೆ. ಮುಂಗಾರಿನ ಆರಂಭವೇ ಪಶ್ಚಿಮ ಘಟ್ಟದ ಬಹುಪಾಲು ಕಪ್ಪೆಗಳು ಮೊಟ್ಟೆಯಿಡುವ ಕಾಲ. ಜೀಪಿನ ಆಯಿಲ್ ಬದಲಾಗುವ ಕಾಲವೂ ಅದೇ ಆಗಿದೆ. ಬೇಲಿ ಗೂಟಗಳಿಗೆ ಗೆದ್ದಲು ಹತ್ತದಂತೆ ಕರಿ ಆಯಿಲ್ ಬಳಿಯುವ ರೂಢಿ ಮಲೆನಾಡಿನಲ್ಲಿ ವ್ಯಾಪಕವಾಗಿದೆ. ತೋಟದ ತೇವದಲ್ಲಿ ನಿಂತ ಗೂಟದಿಂದ ಅದು ಇಳಿದು ಸೇರುವುದೂ ಅದೇ ಮಣ್ಣಿಗೆ. ಬಳಸಿದ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಮತ್ತೆ ಶುದ್ಧೀಕರಿಸುವ ಪರವಾನಗಿ ಪಡೆದ ಘಟಕಗಳಿವೆ. ಆದರೆ ಒಂದು ಮನೆಯ ಐದು ಲೀಟರಿಗಾಗಿ ಯಾರೂ ಘಟ್ಟ ಹತ್ತುವುದಿಲ್ಲ.

ರಿಪೇರಿಯ ಜೊತೆಗೆ ಈಚೆಗೆ ಬೆಳೆದಿರುವ ಶೋಕಿಯ ಬಗ್ಗೆಯೂ ಎರಡು ಮಾತು. ಗಾಡಿಯನ್ನು ಅರ್ಧ ಅಡಿ ಎತ್ತರಿಸಿ, ಅಳತೆ ಮೀರಿದ ಟಯರು ತೊಡಿಸಿ, ಗುಡ್ಡದ ಹುಲ್ಲುಗಾವಲನ್ನು ಉಳುವ ಆಟ ವಾರಾಂತ್ಯದ ಮನರಂಜನೆಯಾಗಿದೆ. ನೋಂದಣಿಯ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಕಾನೂನು ಹಾಗಿರಲಿ, ಶೋಲೆಯ ನೆತ್ತಿಯ ಹುಲ್ಲು ಒಮ್ಮೆ ಕಿತ್ತರೆ ಗಾಲಿಯ ಜಾಡೇ ಮಳೆನೀರಿನ ಕಾಲುವೆಯಾಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯಂಥ ಸೀಮೆಯಲ್ಲಿ ಅಂಥ ಜಾಡು ಕೊರಕಲಾಗಲು ಒಂದೆರಡು ಮಳೆಗಾಲ ಸಾಕು. ಊರಿನವರು ಅರಲಿನಲ್ಲಿ ಟಯರಿಗೆ ಬಿಗಿಯುವ ಕಬ್ಬಿಣದ ಸರಪಳಿಯೂ ಇದೇ ಹಾನಿ ಮಾಡುತ್ತದೆ. ಅದು ಅನಿವಾರ್ಯವಾದ ಏರಿನಲ್ಲಿ ಬಿಗಿದು, ಮುಗಿದೊಡನೆ ಬಿಚ್ಚಬೇಕಾದ ಸಾಧನ; ಮಳೆಗಾಲವಿಡೀ ಹಾಗೆಯೇ ಬಿಡುವುದು ಸೋಮಾರಿತನ. ದಾರಿಗೆ ಅಡ್ಡಲಾಗಿ ಅಲ್ಲಲ್ಲಿ ಓರೆಗಾಲುವೆ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿದರೆ ಸರಪಳಿಯ ಅಗತ್ಯವೇ ಅರ್ಧ ತಗ್ಗುತ್ತದೆ.

ಈ ಮಳೆಗಾಲಕ್ಕೆ ಮುನ್ನ ಪ್ರತಿ ಊರಿನಲ್ಲಿ ಆಗಬಹುದಾದ ಕೆಲಸ ದೊಡ್ಡದೇನಲ್ಲ. ಸೊಸೈಟಿಯ ಜಗಲಿಯಲ್ಲೋ ಗ್ಯಾರೇಜಿನ ಮೂಲೆಯಲ್ಲೋ ಮುಚ್ಚಳವಿರುವ ಒಂದು 200 ಲೀಟರಿನ ಡ್ರಮ್ಮು ಇಟ್ಟು, ಮೂವತ್ತು ನಲವತ್ತು ಗಾಡಿಗಳ ಕರಿ ಆಯಿಲನ್ನು ಅದರಲ್ಲಿ ಕೂಡಿಸಿದರೆ ಪರವಾನಗಿಯವರು ಬಂದು ಒಯ್ಯುವಷ್ಟಾಗುತ್ತದೆ. ಗ್ರಾಮ ಪಂಚಾಯಿತಿ ಅವರಿಗೊಂದು ಪತ್ರ ಬರೆಯಬೇಕು. ಹಳೆಯ ಬ್ಯಾಟರಿ ಕೊಂಡ ಅಂಗಡಿಗೇ ಹಿಂತಿರುಗಲಿ. ಐ.ಟಿ.ಐ.ನಲ್ಲಿ ಡೀಸೆಲ್ ಮೆಕ್ಯಾನಿಕ್ ವೃತ್ತಿ ಕಲಿಯುತ್ತಿರುವ ಹುಡುಗರು ರಜೆಗೆ ಊರಿಗೆ ಬಂದಾಗ ಒಂದು ಭಾನುವಾರ ಶಾಲೆಯ ಮೈದಾನದಲ್ಲಿ ಊರಿನ ಗಾಡಿಗಳನ್ನು ನಿಲ್ಲಿಸಿ ಬ್ರೇಕು, ಹೊಗೆ, ಆಯಿಲ್ ಸೋರಿಕೆಗಳನ್ನು ಪರೀಕ್ಷಿಸಬಹುದು. ತೊಳೆಯುವುದಕ್ಕೆ ಮಾತ್ರ ಬಾವಿಯ ನೀರನ್ನು ಕೊಡದಲ್ಲಿ ಹೊತ್ತು ತರಲಿ, ಗಾಡಿ ಹಳ್ಳದಿಂದ ದೂರವೇ ನಿಲ್ಲಲಿ.