ಹಕ್ಕಿಯ ಹೆಸರಿನಲ್ಲಿ ಇಲ್ಲದವರು

ದಾಂಡೇಲಿ, ಜೋಯಿಡಾ ಕಡೆಗೆ ಈಗ ಹಕ್ಕಿ ನೋಡಲೆಂದೇ ಜನ ಬರುತ್ತಾರೆ. ಗಣೇಶಗುಡಿಯಲ್ಲಿ ಬೆಳಿಗ್ಗೆಯೇ ದೊಡ್ಡ ದೊಡ್ಡ ಕ್ಯಾಮೆರಾಗಳು ಸಜ್ಜಾಗುತ್ತವೆ. ಯಾವ ಮರಕ್ಕೆ ಮಂಗಟ್ಟೆ ಬರುತ್ತದೆ, ಯಾವ ಹಣ್ಣು ಯಾವ ತಿಂಗಳಲ್ಲಿ ಮಾಗುತ್ತದೆ ಎಂದು ಹೇಳುವವರು ಊರಿನ ಹುಡುಗರು. ಬಂದವರು ಹಕ್ಕಿಯ ಲ್ಯಾಟಿನ್ ಹೆಸರನ್ನು ತಪ್ಪಿಲ್ಲದೆ ಬರೆದುಕೊಳ್ಳುತ್ತಾರೆ. ತೋರಿಸಿದ ಹುಡುಗನ ಹೆಸರನ್ನು ಬರೆದುಕೊಳ್ಳುವವರು ಕಡಿಮೆ. ಇದು ಇಂದಿನ ಮರೆವಲ್ಲ. ಇನ್ನೂರು ವರ್ಷಗಳಿಂದ ನಡೆದುಬಂದ ಪದ್ಧತಿ.

ದೊಡ್ಡ ಮಂಗಟ್ಟೆಯ ವೈಜ್ಞಾನಿಕ ಹೆಸರಿನಲ್ಲಿ ಯಾವ ಮನುಷ್ಯನೂ ಇಲ್ಲ. 'ಬೈಕಾರ್ನಿಸ್', ಎರಡು ಕೊಂಬಿನದು ಎಂದಷ್ಟೇ ಅರ್ಥ. ಆದರೆ ಹಳಿಯಾಳ, ಮುಂಡಗೋಡ ದಾಟಿ ಧಾರವಾಡದ ಬಯಲಿನ ಕಡೆ ಹೊರಟರೆ, ಕುರುಚಲು ಪೊದೆಗಳಲ್ಲಿ ಗದ್ದಲ ಎಬ್ಬಿಸುವ ದೊಡ್ಡ ಬೂದು ಹರಟೆಮಲ್ಲ ಸಿಗುತ್ತದೆ. ಅದರ ಹೆಸರು ಆರ್ಗಿಯಾ ಮಾಲ್ಕಮಿ. ಈ ಮಾಲ್ಕಮ್ ಯಾರು? 1827ರಿಂದ 1830ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಸರ್ ಜಾನ್ ಮಾಲ್ಕಮ್. 1799ರಲ್ಲಿ ಟಿಪ್ಪುವಿನ ವಿರುದ್ಧ ಹೈದರಾಬಾದಿನ ಪಡೆಯೊಂದಿಗೆ ಶ್ರೀರಂಗಪಟ್ಟಣಕ್ಕೆ ಬಂದವನು. ಟಿಪ್ಪು ಬಿದ್ದ ಮೇಲೆ ಮೈಸೂರು ರಾಜ್ಯವನ್ನು ಹಂಚಿದ ಆಯೋಗಕ್ಕೆ ಕಾರ್ಯದರ್ಶಿಯಾಗಿದ್ದವನು. 1832ರಲ್ಲಿ ಹಕ್ಕಿಗೆ ಅವನ ಹೆಸರಿಟ್ಟವನು ಮುಂಬಯಿ ಸೈನ್ಯದ ಅಧಿಕಾರಿ ಸೈಕ್ಸ್. ಅಧಿಕಾರಿಯೊಬ್ಬ ಗವರ್ನರನಿಗೆ ಸಲ್ಲಿಸಿದ ಸಲಾಮನ್ನು ಈ ಬಡಪಾಯಿ ಹಕ್ಕಿ ಇಂದಿಗೂ ಹೊತ್ತು ತಿರುಗುತ್ತಿದೆ.

ಸ್ನೇಹದ ಲೆಕ್ಕವೂ ಉಂಟು. ಕೋಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ವಸ್ತು ಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈಥ್ 1844ರಲ್ಲಿ ಒಂದು ಎಲೆಹಕ್ಕಿಗೆ ಕ್ಲೋರೋಪ್ಸಿಸ್ ಜೆರ್ಡೊನಿ ಎಂದು ಹೆಸರಿಟ್ಟ. ಮದರಾಸಿನ ಸೈನ್ಯದಲ್ಲಿ ವೈದ್ಯನಾಗಿದ್ದ ಥಾಮಸ್ ಜೆರ್ಡನ್ 1845ರಲ್ಲಿ ಬಿಳಿತಲೆಯ ಕಬ್ಬಕ್ಕಿಗೆ ಬ್ಲೈಥನ ಹೆಸರಿಟ್ಟು ಋಣ ತೀರಿಸಿದ. ಎರಡೂ ನಮ್ಮ ಈ ಕಾಡಿನ ಹಕ್ಕಿಗಳೇ. ಇಬ್ಬರೂ ದೊಡ್ಡ ವಿದ್ವಾಂಸರು, ಅವರ ದುಡಿಮೆಯನ್ನು ಹೀಗಳೆಯಬೇಕಾಗಿಲ್ಲ. ಆದರೆ ಅವರು ಪರಸ್ಪರ ಹಂಚಿಕೊಂಡ ಆ ಗೌರವದಲ್ಲಿ ಬಲೆ ಹಾಕಿದವನಿಗೆ, ಚರ್ಮ ಸುಲಿದು ಒಣಗಿಸಿದವನಿಗೆ, ಚಿತ್ರ ಬರೆದವನಿಗೆ ಪಾಲು ಸಿಗಲಿಲ್ಲ.

ಚಿತ್ರಕಾರರ ಮಾತನ್ನೇ ತೆಗೆದುಕೊಳ್ಳಿ. ನಮ್ಮ ತೋಟಗಳಲ್ಲಿ ಹೂವಿಂದ ಹೂವಿಗೆ ಹಾರುವ ಉದ್ದ ಕೊಕ್ಕಿನ ಸೂರಕ್ಕಿಯ ಹೆಸರು ಲೋಟೇನಿಯಸ್. ಸಿಲೋನಿನಲ್ಲಿ ಡಚ್ಚರ ಗವರ್ನರ್ ಆಗಿದ್ದ ಲೋಟೆನ್‌ನ ಹೆಸರು ಅದು. ಅವನಿಗಾಗಿ ಆ ದ್ವೀಪದ ಹಕ್ಕಿಗಳ ಚಿತ್ರ ಬರೆದುಕೊಟ್ಟವನು ಅಲ್ಲಿಯವನೇ ಆದ ಡಿ ಬೆವೆರೆ. ಅವನನ್ನು ಬಲ್ಲವರು ಎಷ್ಟು ಜನ? ಕೋಲ್ಕತ್ತೆಯಲ್ಲಿಯೂ ಇದೇ ಕತೆ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಇಂಪಿಯ ಹೆಂಡತಿ ಮೇರಿ ಇಂಪಿ, ಪಟ್ನಾದ ಶೇಖ್ ಝೈನುದ್ದೀನ್, ಭವಾನಿದಾಸ್ ಮತ್ತು ರಾಮದಾಸ್ ಎಂಬ ಮೂವರಿಂದ ನೂರಾರು ಚಿತ್ರಗಳನ್ನು ಬರೆಸಿದಳು. 1790ರಲ್ಲಿ ಹಿಮಾಲಯದ ಮೊನಾಲ್ ಹಕ್ಕಿಗೆ ಸಿಕ್ಕಿದ್ದು ಇಂಪಿಯ ಹೆಸರು. ಝೈನುದ್ದೀನನ ಚಿತ್ರಗಳು ಇಂದು ಜಗತ್ತಿನ ದೊಡ್ಡ ಮ್ಯೂಸಿಯಮ್‌ಗಳಲ್ಲಿವೆ. ಚಿತ್ರದ ಮೇಲೆ ಹೆಸರು ಬರೆದಿದ್ದರಿಂದ ಅವನು ಉಳಿದ. ಬರೆಯದವರು ಹೋದರು.

ನಮ್ಮ ಜಿಲ್ಲೆಯ ಹಕ್ಕಿಗಳ ಕುರಿತು 1898ರಲ್ಲಿ ಮುಂಬಯಿಯ ನೈಸರ್ಗಿಕ ಇತಿಹಾಸ ಸಂಘದ ನಿಯತಕಾಲಿಕದಲ್ಲಿ ಬರೆದವನು ಇಲ್ಲಿ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್‌ಸನ್. ಆ ಕಾಲದಲ್ಲಿ ಈ ದಟ್ಟ ಕಾಡಿನಲ್ಲಿ ಕಲೆಕ್ಟರ್ ಸಾಹೇಬರು ಒಬ್ಬರೇ ತಿರುಗಿದರೇ? ದಾರಿ ತೋರಿಸಿದವರು, ಗೂಡು ಗುರುತಿಸಿದವರು ಸಿದ್ದಿಗಳೋ, ಕುಣಬಿಗಳೋ, ಗೌಳಿಗಳೋ ಇದ್ದಿರಲೇಬೇಕು.

ಇದಕ್ಕೆ ಎರಡು ಬಗೆಯ ಉತ್ತರಗಳು ಬರುತ್ತವೆ. ವಿಜ್ಞಾನದಲ್ಲಿ ರಾಜಕೀಯ ತರಬೇಡಿ ಎನ್ನುವವರು ಮೊದಲನೆಯವರು. ಗವರ್ನರನ ಹೆಸರನ್ನು ಹರಟೆಮಲ್ಲನಿಗೆ ಕಟ್ಟಿದ್ದು ರಾಜಕೀಯವಲ್ಲದೆ ಮತ್ತೇನು? ಪರಕೀಯರ ಹೆಸರನ್ನೆಲ್ಲ ಕಿತ್ತುಹಾಕಿ ಎನ್ನುವವರು ಎರಡನೆಯವರು. ಅಮೆರಿಕದ ಪಕ್ಷಿಶಾಸ್ತ್ರ ಸಂಘವು 2023ರಲ್ಲಿ, ವ್ಯಕ್ತಿಗಳ ಹೆಸರಿರುವ ಇಂಗ್ಲಿಷ್ ಪಕ್ಷಿನಾಮಗಳನ್ನು ಬದಲಿಸಲು ನಿರ್ಧರಿಸಿತು. ಆದರೆ ಲ್ಯಾಟಿನ್ ಹೆಸರುಗಳನ್ನು ಇಂಥ ಕಾರಣಕ್ಕೆ ಬದಲಿಸುವುದಿಲ್ಲವೆಂದು ಪ್ರಾಣಿನಾಮಗಳ ಅಂತರರಾಷ್ಟ್ರೀಯ ಆಯೋಗ ಅದೇ ವರ್ಷ ಸ್ಪಷ್ಟಪಡಿಸಿತು. ನನ್ನ ಮಟ್ಟಿಗೆ, ಕಿತ್ತುಹಾಕುವುದು ಪರಿಹಾರವಲ್ಲ. ಊರಿನ ಫಲಕ ಬದಲಿಸಿ ಚರಿತ್ರೆಯನ್ನೇ ಗೆದ್ದೆವೆಂದು ಬೀಗುವವರನ್ನು ನಾವು ಸಾಕಷ್ಟು ಕಂಡಿದ್ದೇವೆ. ಮಾಲ್ಕಮ್‌ನ ಹೆಸರು ಅಳಿಸಿದರೆ ಅಧಿಕಾರ ಹೇಗೆ ನಡೆದುಕೊಂಡಿತು ಎಂಬ ಸಾಕ್ಷಿಯೂ ಅಳಿಯುತ್ತದೆ. ಝೈನುದ್ದೀನನಿಗೆ ಅದರಿಂದ ಏನೂ ಸಿಗುವುದಿಲ್ಲ.

ಆಗಬೇಕಾದದ್ದು ಬಿಟ್ಟುಹೋದ ಹೆಸರುಗಳನ್ನು ಸೇರಿಸುವ ಕೆಲಸ. ದಾರಿ ಆಗಲೇ ತೆರೆದಿದೆ. 2006ರಲ್ಲಿ ರಮಣ ಆತ್ರೇಯ ಅವರು ಅರುಣಾಚಲದ ಹೊಸ ಹಕ್ಕಿಯೊಂದಕ್ಕೆ ಅಲ್ಲಿನ ಬುಗುನ್ ಬುಡಕಟ್ಟಿನ ಹೆಸರಿಟ್ಟು 'ಬುಗುನೋರಮ್' ಎಂದು ಕರೆದರು. ಹಕ್ಕಿಯನ್ನು ಕೊಲ್ಲಲೂ ಇಲ್ಲ. 2016ರಲ್ಲಿ ಹಿಮಾಲಯದ ಹೊಸ ಥ್ರಶ್ ಹಕ್ಕಿಯೊಂದಕ್ಕೆ ನಮ್ಮ ಸಲೀಂ ಅಲಿಯವರ ಹೆಸರು ಬಂತು. ಸಂತೋಷವೇ. ಆದರೆ ಸಲೀಂ ಅಲಿಯವರಿಗೆ ಸಿಕ್ಕಿತೆಂದು ನಾವು ತೃಪ್ತರಾಗಿ ಕೂತರೆ ಹಳೆಯ ಪದ್ಧತಿಗೆ ದೇಶೀಯ ಬಣ್ಣ ಬಳಿದಂತಾಗುತ್ತದೆ. ಹೆಸರಾಂತರಿಗೆ ಹೆಸರು ಸಿಗುವುದು ಕಷ್ಟವಲ್ಲ.

ಇಷ್ಟನ್ನಾದರೂ ಮಾಡೋಣ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ, ಮುಂಡಗೋಡದ ಅತ್ತಿವೇರಿ ಪಕ್ಷಿಧಾಮದಲ್ಲಿ ಹಾಕುವ ಹಕ್ಕಿಪಟ್ಟಿಗಳಲ್ಲಿ ಸಿದ್ದಿ, ಕುಣಬಿ, ಗೌಳಿಗಳು ಕರೆಯುವ ಹೆಸರಿಗೂ ಒಂದು ಸಾಲು ಇರಲಿ. ಲೇಖನ ಬರೆಯುವವರು, ಫೋಟೋ ಪ್ರಕಟಿಸುವವರು ಹಕ್ಕಿ ತೋರಿಸಿದವನನ್ನು ಕೇಳಿ, ಒಪ್ಪಿದರೆ ಅವನ ಹೆಸರನ್ನೂ ಹಾಕಲಿ. ಮುಂದೆ ಈ ಕಾಡಿನಲ್ಲಿ ಹೊಸ ಕಪ್ಪೆಯೋ, ಮೀನೋ, ಹಕ್ಕಿಯೋ ಸಿಕ್ಕಿ ಹೆಸರಿಡುವ ಅವಕಾಶ ಬಂದಾಗ, ವಿಜ್ಞಾನಿಗಳು ಮೇಲಧಿಕಾರಿಯ ಮುಖ ನೋಡುವ ಮೊದಲು ದಾರಿ ತೋರಿಸಿದವನ ಮುಖ ನೋಡಲಿ.

ಕೆಲಸ ಮಾಡಿದವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ನಬಿವಚನವನ್ನು ನಾವು ಬಾಲ್ಯದಿಂದ ಕೇಳಿ ಬೆಳೆದಿದ್ದೇವೆ. ಹೆಸರೂ ಒಂದು ಕೂಲಿಯೇ. ಹರಟೆಮಲ್ಲನನ್ನು ಹಿಡಿದುಕೊಟ್ಟವನ ಬೆವರು ಆರಿ ಇನ್ನೂರು ವರ್ಷವಾಯಿತು. ಗಣೇಶಗುಡಿಯ ಹುಡುಗನದು ಇನ್ನೂ ಆರಿಲ್ಲ.