ಹುಡುಗನ ಸ್ಟೇಟಸ್ ನೋಡೀರೇನ್ರಿ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಬೀಗತನ ಬೆಳೆಸುವ ಮೊದಲು ಒಂದು ವಿಚಾರಣೆ ಇದ್ದೇ ಇರುತ್ತದೆ. ಕನ್ಯೆ ಕೊಡುವವರ ಪೈಕಿ ಹಿರಿಯರೊಬ್ಬರು ಏನೋ ನೆಪ ಮಾಡಿಕೊಂಡು ಹುಡುಗನ ಊರಿಗೆ ಹೋಗುತ್ತಾರೆ. ಬಸ್ಸಿಳಿದವರೇ ಹುಡುಗನ ಮನೆಯ ದಾರಿ ಹಿಡಿಯುವುದಿಲ್ಲ. ಮೊದಲು ಚಹಾದಂಗಡಿ, ಆಮೇಲೆ ಹಿಟ್ಟಿನ ಗಿರಣಿ, ಆಮೇಲೆ ಗುಡಿಯ ಕಟ್ಟೆ. ಮಳೆ, ಬೆಳೆ, ಕಬ್ಬಿನ ಬಿಲ್ಲು ಎಲ್ಲ ಮುಗಿದ ಮೇಲೆ ಮೆಲ್ಲಗೆ ಒಂದು ಮಾತು: ‘ಆ ಮನೀ ಹುಡುಗ ಹ್ಯಾಂಗದಾನ್ರಿ?’ ಒಬ್ಬರು ‘ಚಲೋ ಅದಾನ್ರಿ’ ಎನ್ನುತ್ತಾರೆ. ಇನ್ನೊಬ್ಬರು ಏನನ್ನೋ ಹೇಳಲು ಹೋಗಿ ಸುಮ್ಮನಾಗುತ್ತಾರೆ. ಮೂರನೆಯವರು, ಅಪ್ಪ ಆಸ್ಪತ್ರೆಯಲ್ಲಿದ್ದಾಗ ಹುಡುಗ ತಿಂಗಳುಗಟ್ಟಲೆ ಹಾಸಿಗೆಯ ಪಕ್ಕದಲ್ಲೇ ಇದ್ದದ್ದನ್ನು ತಾವಾಗಿಯೇ ಹೇಳುತ್ತಾರೆ. ಸಂಜೆಯ ಬಸ್ಸಿಗೆ ಹಿರಿಯರು ಊರಿಗೆ ಮರಳುವಾಗ ಅವರ ತಲೆಯಲ್ಲಿ ಹುಡುಗನ ಚಿತ್ರವೊಂದು ಮೂಡಿರುತ್ತದೆ. ಹತ್ತು ಜನರ ಬಾಯಿಂದ ಬಂದ ಚಿತ್ರ ಅದು. ಒಂದರ ತಪ್ಪನ್ನು ಇನ್ನೊಂದು ತಿದ್ದಿರುತ್ತದೆ.

ಈಗ ಆ ಪ್ರಯಾಣಕ್ಕಿಂತ ಮುಂಚೆಯೇ ಇನ್ನೊಂದು ವಿಚಾರಣೆ ಮುಗಿದಿರುತ್ತದೆ. ಹುಡುಗನ ಬಯೋಡೇಟಾ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಕನ್ಯೆಯ ಅಣ್ಣ ಕೆಳಗಿದ್ದ ನಂಬರನ್ನು ಸೇವ್ ಮಾಡಿಕೊಂಡು ಮೊದಲು ಡಿಪಿ ನೋಡುತ್ತಾನೆ. ಸ್ಟೇಟಸ್ ಅಷ್ಟು ಸುಲಭಕ್ಕೆ ಸಿಗುವುದಿಲ್ಲ, ಇಬ್ಬರ ಫೋನಿನಲ್ಲೂ ಒಬ್ಬರ ನಂಬರ್ ಇನ್ನೊಬ್ಬರದು ಇರಬೇಕು. ಅದಕ್ಕೂ ದಾರಿ ಉಂಟು. ಇಬ್ಬರಿಗೂ ಬೇಕಾದ ದೋಸ್ತ ಒಬ್ಬ ಇರುತ್ತಾನೆ. ‘ನಿನ್ನ ಫೋನ್ನ್ಯಾಗ ಅವನ ನಂಬರ ಐತಲ್ಲ, ಸ್ಟೇಟಸ್ ತಗದ ತೋರಸು’ ಎಂದರೆ ಮುಗಿಯಿತು. ಇನ್‌ಸ್ಟಾಗ್ರಾಂಗೆ ಆ ದೋಸ್ತನೂ ಬೇಡ. ಬೆರಳಿನಿಂದ ಮೇಲೆ ತಳ್ಳುತ್ತ ಹೋದರೆ ನಾಲ್ಕು ವರ್ಷ ಹಿಂದಿನ ಜಾತ್ರೆ, ಡಿಜೆ ಮುಂದೆ ಕುಣಿದದ್ದು, ಟ್ರ್ಯಾಕ್ಟರಿನ ಮುಂದಿನ ಗಾಲಿ ಎತ್ತಿದ ರೀಲ್ಸ್, ಯಾರದೋ ಕೈಯಲ್ಲಿದ್ದ ಮಚ್ಚನ್ನು ಇಸಿದುಕೊಂಡು ತೆಗೆಸಿಕೊಂಡ ಫೋಟೊ, ಎಲ್ಲ ಒಂದರ ಹಿಂದೊಂದು ಬರುತ್ತವೆ. ಹತ್ತು ನಿಮಿಷದ ಕೆಲಸ. ಆಸ್ಪತ್ರೆಯ ಹಾಸಿಗೆಯ ಪಕ್ಕ ಕೂತಿದ್ದ ಆ ತಿಂಗಳುಗಳು ಮಾತ್ರ ಅಲ್ಲಿ ಎಲ್ಲೂ ಇಲ್ಲ. ಅಪ್ಪನಿಗೆ ಕಾಯಿಲೆಯಾದಾಗ ಯಾರೂ ರೀಲ್ಸ್ ಮಾಡುವುದಿಲ್ಲ.

ಹೋಗಲಿ, ಹಾಕಿದ್ದು ತಾನೇ ಅಲ್ಲವೇ ಎನ್ನಬಹುದು. ಹೌದು, ಹಾಕಿದವನು ಅವನೇ. ಆದರೆ ಅವನು ಅದನ್ನು ಯಾರಿಗೆಂದು ಹಾಕಿದ್ದ? ಊರಿನಲ್ಲಿ ದೋಸ್ತರ ಜೊತೆ ಒಂದು ಮಾತು, ಸೋದರಮಾವನ ಎದುರು ಒಂದು ಮಾತು, ಮಾಸ್ತರರು ಕಂಡರೆ ಇನ್ನೊಂದು ಮಾತು. ಇದನ್ನು ಯಾರೂ ಕಪಟ ಎನ್ನುವುದಿಲ್ಲ, ಅದು ರೀತಿ. ಮಾವ ಬರುವುದು ಕಂಡರೆ ಕಟ್ಟೆಯ ಮೇಲಿನ ನಗೆ ತಾನಾಗಿಯೇ ತಗ್ಗುತ್ತದೆ. ಫೋನಿನಲ್ಲಿ ದೋಸ್ತ, ಮಾವ, ಮಾಸ್ತರ, ಮುಂದೆಂದೋ ಆಗಲಿರುವ ಬೀಗರು ಎಲ್ಲರೂ ಒಂದೇ ಕಟ್ಟೆಯಲ್ಲಿ ಕೂತಿರುತ್ತಾರೆ. ಕೂತಿರುವುದು ಮಾತ್ರ ಕಾಣುವುದಿಲ್ಲ. ನಗೆ ತಗ್ಗಿಸಬೇಕೆಂದು ತಿಳಿಯುವುದಾದರೂ ಹೇಗೆ? ಸ್ಟೇಟಸ್ 24 ತಾಸಿಗೆ ಅಳಿಸಿಹೋಗುತ್ತದೆ ಎಂಬ ಧೈರ್ಯವೂ ಹುಸಿ, ಸ್ಕ್ರೀನ್‌ಶಾಟ್ ತೆಗೆಯಲು ಒಂದು ಕ್ಷಣ ಸಾಕು.

ಹಾಕಿದ ಮಾತನ್ನು ಯಾರು ಓದುತ್ತಾರೆ ಎಂಬುದನ್ನು ಯೋಚಿಸುವವರಿಗೆ ಸಾಲೋಟಗಿಗಿಂತ ಒಳ್ಳೆಯ ಜಾಗ ಸಿಗಲಾರದು. ಇಂಡಿ ತಾಲ್ಲೂಕಿನ ಈ ಊರು ಶಾಸನ ಓದುವವರಿಗೆಲ್ಲ ಪರಿಚಿತ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 945ರಲ್ಲಿ, ಅವನ ಮಂತ್ರಿ ನಾರಾಯಣ ಇಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದ. ಆ ಸಂಗತಿಯನ್ನು ಕಂಬದ ಮೇಲೆ ಕೊರೆಯಿಸಲಾಯಿತು. ಆಗ ಊರಿನ ಹೆಸರು ಪಾವಿಟ್ಟಗೆ. ಮುಂದೆ ಶಾಲೆಯೇ ಊರಿನ ಹೆಸರಿಗೆ ಸೇರಿಕೊಂಡು ಸಾಲೋಟಗಿ ಆಯಿತು ಎಂಬುದು ವಿದ್ವಾಂಸರ ವಿವರಣೆ. ಶಾಸನದಲ್ಲಿ ಲೆಕ್ಕ ಸ್ಪಷ್ಟವಾಗಿದೆ: ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳು, ಶಾಲೆಗೆ 500 ನಿವರ್ತನ ಭೂಮಿ, ದೀಪದೆಣ್ಣೆಗೆ 12 ನಿವರ್ತನ, ಅಧ್ಯಾಪಕರಿಗೆ 50 ನಿವರ್ತನ. ಊರಿನಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು.

ಸಾವಿರದ ಎಂಬತ್ತು ವರ್ಷಗಳ ಬಳಿಕವೂ ಸಾಲೋಟಗಿ ಎಂದರೆ ಓದಿನ ಊರು ಎಂಬ ಭಾವನೆ ಉಳಿದಿದೆ. ಅದನ್ನು ಮೂಡಿಸಿದ್ದು ಆ ಕಂಬ. ನಾರಾಯಣನಿಗೆ ತನ್ನ ಮಾತನ್ನು ಯಾರು ಓದುತ್ತಾರೆಂಬ ಅರಿವಿತ್ತು. ಮುಂದೆ ಬರುವ ಅರಸರು, ದೂರದ ಪಂಡಿತರು, ತನ್ನನ್ನು ಕಂಡೇ ಇರದವರು ಓದುತ್ತಾರೆ. ಅದಕ್ಕೆ ತಕ್ಕಂತೆ ಅಳೆದು ತೂಗಿ ಕೊರೆಯಿಸಿದ. ಇವತ್ತಿನ ಫೋನಿಗೂ ಅಷ್ಟೇ ದೂರದ, ಅಷ್ಟೇ ಅಪರಿಚಿತ ಓದುಗರಿದ್ದಾರೆ. ಆದರೆ ಅಲ್ಲಿ ಬೀಳುವ ಮಾತು ಬಸ್ಸಿಗೆ ಕಾಯುವಾಗ ಅರ್ಧ ನಿಮಿಷದಲ್ಲಿ ಹೊರಟದ್ದು.

ಇನ್ನೂ ಒಂದು ಮಾತಿದೆ, ಅದೇ ಮುಖ್ಯವಾದದ್ದು. ಕಂಬ ಹೇಳದೆ ಬಿಟ್ಟದ್ದು ಬಹಳ. ಆ 27 ಮನೆಗಳ ಕಲ್ಲು ಹೊತ್ತವರು ಯಾರು, ವಿದ್ಯಾರ್ಥಿಗಳಿಗೆ ಅಡುಗೆ ಮಾಡಿದವರು ಯಾರು, ಅದೇ ಊರಿನ ಯಾವ ಮಕ್ಕಳಿಗೆ ಆ ಶಾಲೆಯ ಹೊಸ್ತಿಲು ದಾಟಲು ಆಗಲಿಲ್ಲ, ಒಂದನ್ನೂ ಅದು ಹೇಳುವುದಿಲ್ಲ. ಹಾಗೆಂದು ಕಲ್ಲಿನಲ್ಲಿ ಇಲ್ಲದ್ದು ಊರಿನಲ್ಲೂ ಇರಲಿಲ್ಲ ಎಂದು ಯಾವ ಇತಿಹಾಸಕಾರರೂ ಬರೆಯುವುದಿಲ್ಲ. ಇದು ದಾನಿ ತೋರಿಸಬಯಸಿದ ಮುಖ ಎಂದು ತಿಳಿದು ಇನ್ನೊಂದು ಶಾಸನ, ನಾಣ್ಯ, ತಾಮ್ರಪಟ ಹುಡುಕುತ್ತಾರೆ, ಒಂದರ ಪಕ್ಕದಲ್ಲಿ ಒಂದಿಟ್ಟು ನೋಡುತ್ತಾರೆ. ಚಹಾದಂಗಡಿಯಿಂದ ಗಿರಣಿಗೆ, ಗಿರಣಿಯಿಂದ ಕಟ್ಟೆಗೆ ಹೋಗುವ ಹಿರಿಯರು ಮಾಡುವುದೂ ಅದನ್ನೇ. ಸತ್ತು ಸಾವಿರ ವರ್ಷವಾದ ಮಂತ್ರಿಗೆ ಕೊಡುವ ಈ ತಾಳ್ಮೆಯನ್ನು ಬದುಕಿರುವ ಹುಡುಗನಿಗೆ ಕೊಡಲಾಗುತ್ತಿಲ್ಲ ಎಂಬುದೇ ಸಂಕಟ.

ಅಂದಾಜು ಮಾಡುವ ಕೆಲಸಕ್ಕೆ ಈಗ ಯಂತ್ರವೂ ಕೂತಿದೆ. ಕೇಂಬ್ರಿಜ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 86,220 ಜನ ತಮ್ಮ ಸ್ವಭಾವದ ಪ್ರಶ್ನಾವಳಿಗೆ ಉತ್ತರ ಕೊಟ್ಟಿದ್ದರು. ಫೇಸ್‌ಬುಕ್‌ನಲ್ಲಿ ಅವರು ಒತ್ತಿದ ಲೈಕ್‌ಗಳನ್ನಷ್ಟೇ ನೋಡಿ ಕಂಪ್ಯೂಟರ್ ಅವರ ಸ್ವಭಾವವನ್ನು ಅಂದಾಜು ಮಾಡಿತು. 10 ಲೈಕ್ ಸಿಕ್ಕರೆ ಸಹೋದ್ಯೋಗಿಗಿಂತ, 70 ಸಿಕ್ಕರೆ ಗೆಳೆಯರಿಗಿಂತ, 150 ಸಿಕ್ಕರೆ ಮನೆಯವರಿಗಿಂತ ಅದರ ಅಂದಾಜು ಉತ್ತರಗಳಿಗೆ ಹತ್ತಿರವಿತ್ತು. ಗಂಡ ಅಥವಾ ಹೆಂಡತಿಯನ್ನು ಮೀರಿಸಲು ಸುಮಾರು 300 ಬೇಕಾದವು. ಬರೆದದ್ದು, ಫೋಟೊ ಹಾಕಿದ್ದು ಯಾವುದೂ ಬೇಕಾಗಲಿಲ್ಲ, ಬರೀ ಹೆಬ್ಬೆರಳು ಒತ್ತಿದ್ದು ಸಾಕಾಯಿತು. ಮೌನವಾಗಿ ನೋಡಿಕೊಂಡಿದ್ದರೆ ಪಾರಾದೆವು ಎಂದುಕೊಂಡವರೂ ಪಾರಾಗಿಲ್ಲ.

ಸರ್ಕಾರಗಳೂ ನೋಡುತ್ತವೆ. ಅಮೆರಿಕದ ವೀಸಾ ಅರ್ಜಿಯಲ್ಲಿ ಹಿಂದಿನ ಐದು ವರ್ಷ ಬಳಸಿದ ಸಾಮಾಜಿಕ ಜಾಲತಾಣ ಖಾತೆಗಳ ಹೆಸರು ಬರೆಯಬೇಕೆಂಬ ನಿಯಮ 2019ರಿಂದ ಇದೆ. 2025ರ ಜೂನ್‌ನಲ್ಲಿ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕುವವರು ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು ಎಂದೂ ಹೇಳಲಾಯಿತು. ವಿಜಯಪುರದಲ್ಲಿ ಎಂಜಿನಿಯರಿಂಗ್ ಮುಗಿಸಿ ಎಂಎಸ್‌ಗೆ ಹೊರಟ ಹುಡುಗಿ ಪಿಯುಸಿಯಲ್ಲಿ ಸಿಟ್ಟಿನಿಂದ ಹಾಕಿದ ಸಾಲನ್ನು, ಆ ಸಿಟ್ಟಿಗೆ ಕಾರಣವೇನೆಂದು ತಿಳಿಯದ ಅಧಿಕಾರಿ ಓದಬಹುದು.

ಇಲ್ಲಿಯ ಕಥೆಯೂ ಬೇರೆಯಲ್ಲ. 2023ರ ಮೇ ತಿಂಗಳಲ್ಲಿ ರಾಜ್ಯದ ಹೊಸ ಸರ್ಕಾರ ಪ್ರಮಾಣವಚನ ತೆಗೆದುಕೊಂಡ ದಿನವೇ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಅಮಾನತಾದರು. ಯಾವ ಮುಖ್ಯಮಂತ್ರಿಯ ಕಾಲದಲ್ಲಿ ರಾಜ್ಯದ ಸಾಲ ಎಷ್ಟಿತ್ತು ಎಂದು ಪೋಸ್ಟ್ ಒಂದರಲ್ಲಿ ಪಟ್ಟಿ ಮಾಡಿ, ಉಚಿತ ಯೋಜನೆಗಳನ್ನು ಟೀಕಿಸಿದ್ದು ಕಾರಣ. ಸರ್ಕಾರಿ ನೌಕರರು ಸರ್ಕಾರವನ್ನು ಬಹಿರಂಗವಾಗಿ ಟೀಕಿಸಬಾರದೆಂದು ನಡತೆ ನಿಯಮಗಳು ಹೇಳುತ್ತವೆ, ನಿಜ. ಆದರೂ ಒಂದು ಪೋಸ್ಟ್ ನೋಡಿ ಇಷ್ಟು ಅವಸರದಲ್ಲಿ ತೀರ್ಮಾನಿಸುವುದು ಸರಿಯಲ್ಲ. ಆ ಶಿಕ್ಷಕರು ಪಾಠ ಹೇಗೆ ಮಾಡುತ್ತಾರೆ ಎಂದು ಶಾಲೆಯ ಮಕ್ಕಳಿಗೆ ಗೊತ್ತಿರುತ್ತದೆ, ಪೋಸ್ಟಿಗೆ ಗೊತ್ತಿರುವುದಿಲ್ಲ. ಮಚ್ಚು ಹಿಡಿದ ರೀಲ್ಸ್‌ನ ವಿಷಯ ಬೇರೆ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನ ಬಸವೇಶ್ವರನಗರ ಪೊಲೀಸರು ಬಿಗ್‌ಬಾಸ್ ಖ್ಯಾತಿಯ ಇಬ್ಬರನ್ನು ಇಂಥದೇ ರೀಲ್ಸ್‌ಗಾಗಿ ಬಂಧಿಸಿದರು. ದಾರಿಹೋಕರಿಗೆ ಮಚ್ಚು ಮಚ್ಚೇ. ನೋಡಿದವರ ಎದೆಯಲ್ಲಿ ಹುಟ್ಟುವ ಹೆದರಿಕೆಗೆ ಹಾಕಿದವರು ಹೊಣೆ ಹೊರಬೇಕು.

ತಾವು ಹಾಕದಿದ್ದರೂ ಬೇರೆಯವರು ಹಾಕಿದ್ದರಿಂದ ಹುಟ್ಟುವ ಚಿತ್ರವಿದೆ. ಅದು ಮೇಲಕ್ಕೂ ಎತ್ತಬಲ್ಲದು. 2020ರ ಫೆಬ್ರುವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕೆಸರಿನ ಕರೆಯನ್ನು ಕೋಣಗಳ ಜೊತೆ 13.62 ಸೆಕೆಂಡಿನಲ್ಲಿ ಓಡಿದರು. ಅದನ್ನು 100 ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿದ ಯಾರೋ ಉಸೇನ್ ಬೋಲ್ಟ್‌ಗಿಂತ ವೇಗಿ ಎಂದು ಹಂಚಿದರು. ದೇಶದ ಕ್ರೀಡಾ ಸಚಿವರೇ ಪರೀಕ್ಷೆಗೆ ಕರೆದರು. ಕೆಸರಿನಲ್ಲಿ ಕೋಣಗಳ ಹಿಂದೆ ಓಡುವುದೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದು ಗೌಡರು ನಮ್ರವಾಗಿ ಹಿಂದೆ ಸರಿದರು. ಜನ ಕಟ್ಟಿಕೊಟ್ಟ ಚಿತ್ರವನ್ನು ತಾನೇ ಕೆಳಗಿಳಿಸಿದ ಆ ಮಾತಿಗೆ ದೊಡ್ಡ ಮನಸ್ಸು ಬೇಕು.

ಎಲ್ಲರಿಗೂ ಹಾಗೆ ಬಾಯಿ ಬಿಟ್ಟು ಹೇಳುವ ಅವಕಾಶ ಸಿಗುವುದಿಲ್ಲ. 2018ರ ಜುಲೈ 13ರಂದು ಹೈದರಾಬಾದಿನಿಂದ ಕೆಲವು ಗೆಳೆಯರು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿಗೆ ಬಂದಿದ್ದರು. ದಾರಿಯಲ್ಲಿ ಕಂಡ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ತಿರುಗುತ್ತಿದ್ದಾರೆ ಎಂಬ ಸುದ್ದಿ ಆಗ ಎಲ್ಲರ ಫೋನಿನಲ್ಲೂ ಹರಿದಾಡುತ್ತಿತ್ತು. ಅವರ ದೃಶ್ಯ ವಾಟ್ಸ್‌ಆ್ಯಪ್ ಗ್ರೂಪಿಗೆ ಬಿತ್ತು. ಅವರ ಕಾರು ಮುರ್ಕಿ ಗ್ರಾಮ ತಲುಪುವ ಮೊದಲೇ ದೃಶ್ಯ ಅಲ್ಲಿಗೆ ತಲುಪಿತ್ತು. ದಾರಿಗೆ ಅಡ್ಡ ನಿಂತ ಗುಂಪು ಹೊಡೆಯಿತು. ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಸತ್ತರು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಗ್ರೂಪಿನ ಅಡ್ಮಿನ್ ಸೇರಿ ಹಲವರ ಬಂಧನವಾಯಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದೆಂಬ ಮಿತಿ ಹೇರುವುದಾಗಿ ಪ್ರಕಟಿಸಿತು.

ಮುರ್ಕಿಯಲ್ಲಿ ಸೇರಿದವರೆಲ್ಲ ಮಕ್ಕಳ ಮೇಲಿನ ಕಾಳಜಿಯಿಂದಲೇ ಬಂದಿರಬಹುದು. ಆದರೆ ಕಾರಿನಲ್ಲಿದ್ದವರನ್ನು ‘ನೀವು ಯಾರ ಪೈಕಿ, ಯಾರ ಮನೆಗೆ ಬಂದೀರಿ’ ಎಂದು ಕೇಳಿ ಉತ್ತರ ಬರುವವರೆಗೆ ಕಾಯಲಿಲ್ಲ. ಹೊಸಬರು ಊರಿಗೆ ಬಂದರೆ ಈ ಸೀಮೆಯಲ್ಲಿ ಮೊದಲು ಕೇಳುವ ಪ್ರಶ್ನೆಯೇ ಅದು. ನೀರು ಕೊಟ್ಟು ಕೇಳುವ ಪ್ರಶ್ನೆ.

ಅಂತರ್ಜಾಲದಲ್ಲಿ ಹೀಗೆ ಉಳಿದುಹೋದ ಚಿತ್ರವನ್ನು ಅಳಿಸುವ ಹಕ್ಕಿನ ಬಗ್ಗೆ ನ್ಯಾಯಾಲಯಗಳು ಯೋಚಿಸತೊಡಗಿವೆ, ಅದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಸಲ್ಲಿಸಿದ ಅರ್ಜಿಯಲ್ಲಿ. ಅದೇ ವರ್ಷದ ಜನವರಿಯಲ್ಲಿ ತಂದೆಯೊಬ್ಬರು ಕರ್ನಾಟಕ ಹೈಕೋರ್ಟಿಗೆ ಬಂದಿದ್ದರು. ಮುಗಿದುಹೋದ ಹಳೆಯ ಪ್ರಕರಣವೊಂದರ ಆದೇಶದಲ್ಲಿ ಮಗಳ ಹೆಸರಿತ್ತು. ಅಂತರ್ಜಾಲದಲ್ಲಿ ಅವಳ ಹೆಸರು ಹುಡುಕಿದರೆ ಆ ಪ್ರಕರಣ ಕಾಣುತ್ತದೆ, ಗಂಡನ ಮನೆಯಲ್ಲಿ, ನಾಲ್ಕು ಜನರ ನಡುವೆ ಅವಳ ಗತಿಯೇನು ಎಂಬುದು ಅವರ ಚಿಂತೆ. ಹುಡುಕಾಟದಲ್ಲಿ ಆ ಹೆಸರು ಕಾಣದಂತೆ ನೋಡಿಕೊಳ್ಳಲು ನ್ಯಾಯಾಲಯ ರಿಜಿಸ್ಟ್ರಿಗೆ ಸೂಚಿಸಿತು. ಒಬ್ಬ ತಂದೆಗೆ ಸಿಕ್ಕ ಈ ಸಮಾಧಾನಕ್ಕೆ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ರೀಲ್ಸ್ ಹಾಕಿದ ಹುಡುಗನಿಗೆ ಆ ಮೆಟ್ಟಿಲು ಬಹಳ ದೂರ.

ಚಹಾದಂಗಡಿ ಮಾತ್ರ ಹತ್ತಿರವೇ ಇದೆ. ಸ್ಟೇಟಸ್ ನೋಡಿ ಬೇಡವೆಂದುಕೊಂಡ ಎಷ್ಟೋ ಮನೆಗಳಲ್ಲಿ ಅಜ್ಜಿಯೋ ಕಾಕಾನೋ ‘ಒಮ್ಮೆ ಹೋಗಿ ಬರ್ರಿ, ಮಂದೀನ ಕೇಳರಿ’ ಎನ್ನುವವರು ಇನ್ನೂ ಇದ್ದಾರೆ. ಅವರ ಮಾತು ಕೇಳಿ ಹೊರಟವರು ಇಂಡಿ ಬಸ್ ನಿಲ್ದಾಣದಲ್ಲಿ ಇಳಿಯುತ್ತಾರೆ, ಸಾಲೋಟಗಿಯ ಬಸ್ಸು ಯಾವುದೆಂದು ಕೇಳುತ್ತಾರೆ, ಊರು ಸೇರಿ ಬೆಂಚಿನ ಮೇಲೆ ಕೂತು ಅರ್ಧ ಕಪ್ ಚಹಾ ಹೇಳುತ್ತಾರೆ. ಮಳೆಯ ಮಾತು, ಲಿಂಬೆಕಾಯಿಯ ದರದ ಮಾತು ನಡೆಯುತ್ತದೆ. ಆಮೇಲೆ ಬಟ್ಟಲು ಕೆಳಗಿಟ್ಟು, ಪಕ್ಕದಲ್ಲಿ ಕೂತ ಹಿರಿಯರ ಕಡೆ ತಿರುಗಿ, ಆ ಮನೆಯ ಹುಡುಗ ಹ್ಯಾಂಗದಾನ್ರಿ ಎನ್ನುತ್ತಾರೆ.