ಅಕ್ಕಡಿ ಸಾಲು ಹೋದ ಮೇಲೆ

‘ಈಗ ಯಾರು ಸ್ವಾಮಿ ಹಸಿದುಕೊಂಡಿದ್ದಾರೆ? ಸೊಸೈಟಿ ಅಕ್ಕಿ ತಿಂದುಕೊಂಡು ಕೂಲಿಗೇ ಬರುವುದಿಲ್ಲ’ ಎಂಬ ಮಾತು ಆಲೂಗೆಡ್ಡೆ ಬಿತ್ತನೆಯ ಹೊತ್ತಿಗೆ ಹಾಸನದ ಕಡೆ ತಪ್ಪದೆ ಕೇಳಿಬರುತ್ತದೆ. ಸೋಮಾರಿತನದ ಆರೋಪ ಮಾಡುವವರು ಬರೀ ಅಕ್ಕಿಯಲ್ಲಿ ಒಂದು ತಿಂಗಳು ದೂಡಿ ನೋಡಲಿ, ಸಾಕು. ಮೊದಲ ಪ್ರಶ್ನೆ ಮಾತ್ರ ಗಂಭೀರವಾದದ್ದು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಒಲೆ ಹಚ್ಚದ ಮನೆ ಅಪರೂಪವಾಗಿದೆ, ನಿಜ. ಆದರೂ 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಮಕ್ಕಳ ರಕ್ತಹೀನತೆಯಂತೂ ಹಿಂದಿನ ಸಮೀಕ್ಷೆಯ ಶೇ 60.9ರಿಂದ 65.5ಕ್ಕೆ ಏರಿತು. ಅನ್ನ ಹೊಟ್ಟೆ ತುಂಬಿಸಿದೆ, ಮೈಗೆ ಹತ್ತಿಲ್ಲ. ಅದಕ್ಕೆ ಕಾರಣ ಹುಡುಕಲು ಪಡಿತರ ಅಂಗಡಿಗಿಂತ ಮೊದಲು ಹೊಲಕ್ಕೆ ಹೋಗಬೇಕು.

ಈ ಸೀಮೆಯ ರಾಗಿ ಹೊಲದಲ್ಲಿ ಬರೀ ರಾಗಿ ಇರುತ್ತಿರಲಿಲ್ಲ. ನಡುನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ರಾಗಿ ಕೊಯ್ದು ಮೆದೆ ಹಾಕಿದ ಮೇಲೂ ಅವರೆ ಹೊಲದಲ್ಲೇ ನಿಂತು ಮಾಗಿಯ ಚಳಿಗೆ ಕಾಯಿ ಬಿಡುತ್ತಿತ್ತು. ಕಳೆ ತೆಗೆಯಲು ಹೋದ ಹೆಂಗಸು ಅಣ್ಣೆ ಸೊಪ್ಪನ್ನು ಮಡಿಲಿಗೆ ಹಾಕಿಕೊಂಡು ಬಂದರೆ ರಾತ್ರಿಗೆ ಬಸ್ಸಾರಾಗುತ್ತಿತ್ತು. ಇವಕ್ಕೆಲ್ಲ ಯಾರೂ ಬೆಲೆ ಕಟ್ಟಿರಲಿಲ್ಲ, ಹೋದಾಗ ನಷ್ಟವೆಂದು ಬರೆದುಕೊಂಡವರೂ ಇಲ್ಲ. ಹಾಸನದ ಸುತ್ತ ಆಲೂಗೆಡ್ಡೆಗೆ ಅಂಗಮಾರಿ ಬಡಿದ ಮೇಲೆ ಮುಸುಕಿನ ಜೋಳ ಹಬ್ಬಿತು. ಅದು ಕೋಳಿಯ ಮೇವಾಗಿ ಹೋಗುತ್ತದೆ, ಕಳೆನಾಶಕ ಹೊಡೆದ ಆ ಹೊಲದಲ್ಲಿ ಅಣ್ಣೆ ಸೊಪ್ಪು ಹುಟ್ಟುವುದಿಲ್ಲ. ಅರಕಲಗೂಡಿನಲ್ಲಿ ಮುಂಗಾರಿನ ಮಳೆ ಹೊಗೆಸೊಪ್ಪಿಗೆ ಮೀಸಲು. ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಿ ಹೇಮಾವತಿ ನಾಲೆ ಹರಿದ ಕಡೆ ಭತ್ತ, ಕಬ್ಬು. ತಿನ್ನುವ ಬೆಳೆಯೇ ಇಲ್ಲವೆಂದಲ್ಲ. ಜೊತೆಗೆ ನೆಂಚಿಕೊಳ್ಳುವುದಕ್ಕೆ ಬೆಳೆಯುತ್ತಿದ್ದದ್ದು ಹೋಯಿತು.

ರೈತ ದಡ್ಡನಲ್ಲ, ಹೊಗೆಸೊಪ್ಪಿಗೆ ರಾಮನಾಥಪುರದಲ್ಲಿ ಹರಾಜುಕಟ್ಟೆ ಇದೆ, ಅವರೆಗೆ ಏನಿದೆ, ದುಡ್ಡು ಬಂದರೆ ಬೇಳೆ ಕೊಳ್ಳಬಹುದಲ್ಲ ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಹರಾಜಿನ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗೆ ತಂದ ಸೌದೆ, ಗೊಬ್ಬರ, ಕೈಸಾಲ ತೀರಿ ಉಳಿದದ್ದು ಗಂಡಸಿನ ಕೈಯಲ್ಲಿರುತ್ತದೆ. ಸಂತೆಗೆ ವಾರವಾರವೂ ಕಾಸು ಬೇಕು. ಕಾಸು ಕಡಿಮೆಯಾದ ವಾರ ಚೀಟಿಯಿಂದ ಮೊದಲು ಹೊಡೆದುಹಾಕುವುದು ಬೇಳೆಯನ್ನು, ಮೊಟ್ಟೆಯನ್ನು. ತನ್ನ ಹೊಲವಿಲ್ಲದ ಕೂಲಿಯವಳಿಗೆ ಹರಾಜಿನ ದುಡ್ಡೂ ಇಲ್ಲ, ಬೇರೆಯವರ ಹೊಲದ ಸೊಪ್ಪೂ ಈಗ ಇಲ್ಲ.

ಇನ್ನೊಂದು ತಕರಾರು ಅರ್ಥಶಾಸ್ತ್ರಜ್ಞ ಅರವಿಂದ ಪನಗಾರಿಯಾ 2013ರಲ್ಲಿ ಎತ್ತಿದ್ದು: ಭಾರತದ ಮಕ್ಕಳು ಹುಟ್ಟಾ ಗಿಡ್ಡ, ಅಳತೆಗೋಲೇ ಪರದೇಶದ್ದು ಎಂದು. ಆದರೆ ವಿಶ್ವ ಆರೋಗ್ಯ ಸಂಸ್ಥೆ ಆ ಅಳತೆಗೋಲು ಮಾಡುವಾಗ ಆರು ದೇಶಗಳ ಮಕ್ಕಳನ್ನು ಅಳೆದಿತ್ತು. ಅವರಲ್ಲಿ ದಕ್ಷಿಣ ದೆಹಲಿಯ ಅನುಕೂಲಸ್ಥರ ಮಕ್ಕಳೂ ಇದ್ದರು, ಚೆನ್ನಾಗಿ ಉಂಡು ಚೆನ್ನಾಗಿಯೇ ಬೆಳೆದಿದ್ದರು. ರಕ್ತಹೀನತೆಗಂತೂ ಎತ್ತರದ ನೆಪ ಹೇಳುವಂತಿಲ್ಲ.

ಸರ್ಕಾರ ಸುಮ್ಮನೆ ಕೂತಿಲ್ಲ ಎಂಬುದನ್ನೂ ಒಪ್ಪಬೇಕು. ಶಾಲೆಯಲ್ಲಿ ಹಾಲು, ಮೊಟ್ಟೆ ಕೊಡುತ್ತಾರೆ. ಆದರೆ ಮಗುವಿನ ಎತ್ತರ ಬಹುಪಾಲು ನಿರ್ಧಾರವಾಗುವುದು ಅದು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ, ತಾಯಿಯ ಬಸಿರಿನಿಂದ ಎರಡು ವರ್ಷದೊಳಗೆ. ಅದನ್ನರಿತೇ 2017ರಲ್ಲಿ ಮಾತೃಪೂರ್ಣ ಯೋಜನೆ ತಂದರು: ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿಯೂಟ. ಆ ಮಧ್ಯಾಹ್ನದ ಹೊತ್ತಿಗೆ ಅರಕಲಗೂಡಿನ ಕೂಲಿಯ ಹೆಂಗಸು ಬ್ಯಾರನ್ ಮುಂದೆ ಕೂತು ಹೊಗೆಸೊಪ್ಪಿನ ಎಲೆಯನ್ನು ಕಡ್ಡಿಗೆ ಕಟ್ಟುತ್ತಿರುತ್ತಾಳೆ. ಎದ್ದು ಊಟಕ್ಕೆ ಹೋದರೆ ಆ ದಿನದ ಕೂಲಿಯಲ್ಲಿ ಮುರಿದುಕೊಳ್ಳುತ್ತಾರೆ.